ಹಾಳಾಗಿದ್ದದ್ದು ಒಂದೇ ಸೆಲ್

"ಹದಿನಾರೂ ಸೆಲ್ ಹೋಗ್ಯಾವಂತ್ರಿ ಅಣ್ಣಾ," ಅಂತ ಹಳೇ ಹುಬ್ಬಳ್ಳಿಯ ಇ-ಆಟೋ ಚಾಲಕರೊಬ್ಬರು 51.2 ವೋಲ್ಟಿನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ತಂದಿಟ್ಟರು. ಬೇರೆ ಕಡೆ ಬರೆದುಕೊಟ್ಟ ಚೀಟಿಯಲ್ಲಿ ಪ್ರತಿ ಸೆಲ್ಲಿನ ಒಳರೋಧ, ಅಂದರೆ ಕರೆಂಟಿಗೆ ಸೆಲ್ಲಿನೊಳಗೇ ಇರುವ ಅಡ್ಡಿ, 20 ಮಿಲಿಓಮ್ ಆಸುಪಾಸು. ಎಲ್ಲಾ ಸೆಲ್ಲಿಗೂ ಹೆಚ್ಚುಕಡಿಮೆ ಒಂದೇ ಅಂಕಿ ಕಂಡರೆ ನಾನು ಮೊದಲು ಅನುಮಾನಿಸುವುದು ಮೀಟರಿನ ವೈರನ್ನು.

ಇಷ್ಟು ದೊಡ್ಡ ಸೆಲ್ಲಿನ ರೋಧ ಸಾಮಾನ್ಯವಾಗಿ 1 ಮಿಲಿಓಮ್‌ಗಿಂತ ಕಡಿಮೆ. ಎರಡು ವೈರಿನಲ್ಲಿ ಅಳೆದರೆ ವೈರು, ಕ್ಲಿಪ್ಪುಗಳ ರೋಧವೂ ಸೆಲ್ಲಿನ ತಲೆಗೇ ಬರುತ್ತದೆ. ನಾಲ್ಕು ವೈರಿನ ಮೀಟರಿನಲ್ಲಿ ಒಂದು ಜೋಡಿ ಕರೆಂಟ್ ಒಯ್ಯುತ್ತದೆ, ಇನ್ನೊಂದು ವೋಲ್ಟೇಜ್ ಮಾತ್ರ ನೋಡುತ್ತದೆ, ಹಾಗಾಗಿ ವೈರಿನ ರೋಧ ಲೆಕ್ಕಕ್ಕೆ ಬರುವುದಿಲ್ಲ. ಸೆಲ್ಲುಗಳನ್ನು ಜೋಡಿಸುವ ಲೋಹದ ಪಟ್ಟಿ (ಬಸ್‌ಬಾರ್) ಬಿಚ್ಚಿ, ಕಪ್ಪಿಟ್ಟಿದ್ದ ಟರ್ಮಿನಲ್ಲುಗಳನ್ನು ಎಮರಿ ಹಾಳೆಯಲ್ಲಿ ತಿಕ್ಕಿ, ಆ ಮೀಟರಿನ ಪಿನ್ನು ಒತ್ತಿ ಹಿಡಿದೆ. 15 ಸೆಲ್ಲುಗಳು 0.5 ಮಿಲಿಓಮ್ ಒಳಗೇ ಬಂದವು. ಒಂದು ಮಾತ್ರ 2 ದಾಟಿತು.

ರೋಧ ಸರಿಯಿದೆ ಅಂದ ಮಾತ್ರಕ್ಕೆ ಕೆಪಾಸಿಟಿ, ಅಂದರೆ ಚಾರ್ಜ್ ಹಿಡಿದಿಡುವ ಶಕ್ತಿ, ಉಳಿದಿದೆ ಅಂತಲ್ಲ. 3.65 ವೋಲ್ಟಿಗೆ ಪೂರ್ತಿ ಚಾರ್ಜ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, 2.5ರವರೆಗೆ ಇಳಿಸಿ, ಸೆಲ್ ಎಷ್ಟು ಚಾರ್ಜ್ ಕೊಟ್ಟಿತು ಅಂತ ಆಂಪಿಯರ್-ಅವರ್ ಲೆಕ್ಕದಲ್ಲಿ ಎಣಿಸಿದೆ. ಇಲ್ಲೂ ವೋಲ್ಟೇಜ್ ವೈರನ್ನು ಟರ್ಮಿನಲ್ಲಿಗೇ ಕಟ್ಟಬೇಕು. ಇಲ್ಲವಾದರೆ ಕರೆಂಟಿನ ವೈರಿನಲ್ಲೇ ವೋಲ್ಟೇಜ್ ಇಳಿದು ಟೆಸ್ಟರ್ ಬೇಗ ನಿಲ್ಲುತ್ತದೆ, ಒಳ್ಳೇ ಸೆಲ್ಲೂ ಮುಪ್ಪಾದಂತೆ ಕಾಣುತ್ತದೆ. ಡಿಸೆಂಬರಿನ ಬೆಳಗಿನ ಚಳಿಯಲ್ಲೂ ಅಂಕಿ ಕಡಿಮೆ ಬರುತ್ತದೆ, ಅದಕ್ಕೇ 25 ಡಿಗ್ರಿ ಆಸುಪಾಸಿನಲ್ಲೇ ಅಳೆಯುತ್ತೇನೆ.

ರೋಧ ಹೆಚ್ಚಿದ್ದ ಸೆಲ್ಲೇ ಇಲ್ಲೂ ಸೋತಿತು. ಅದೊಂದನ್ನೇ ಬದಲಿಸಿ, ಉಳಿದವುಗಳ ಚಾರ್ಜಿಗೆ ಸರಿಹೊಂದಿಸಿ ಕೂರಿಸಿದೆ. ಹೊಸ ಬ್ಯಾಟರಿಗೆ ಸಾಲ ಮಾಡುವುದು ಅವರಿಗೆ ತಪ್ಪಿತು.