ಲೆಟರ್‌ಹೆಡ್‌ನಲ್ಲಿ 17 ಹೆಸರು

ನಾನು ಕಾರ್ಯದರ್ಶಿ ಆದದ್ದು ಒಂದು ರಟ್ಟಿನ ಪೆಟ್ಟಿಗೆಯಿಂದ. ಬ್ಯಾಂಕಿನಿಂದ ರಿಟೈರ್ ಆಗಿ ನಾಲ್ಕು ತಿಂಗಳಾಗಿತ್ತು. ನಮ್ಮ ಓಣಿಯ ಹಿರಿಯರೊಬ್ಬರು ತೀರಿಕೊಂಡಿದ್ದರು. ಮಂಗಳೂರು ಮತ್ತು ಅಮೆರಿಕದ ಒಂದು ಚಿಕ್ಕ ಊರಿನ ನಡುವೆ ಗೆಳೆತನ ಬೆಳೆಸುವ ಬಳಗಕ್ಕೆ ಅವರು ವರ್ಷಗಟ್ಟಲೆ ಕಾರ್ಯದರ್ಶಿ. ಬೊಜ್ಜದ (ಉತ್ತರಕ್ರಿಯೆಯ) ಊಟ ಮುಗಿದ ಮಾರನೇ ದಿನ ಅವರ ಮಗ ಪೆಟ್ಟಿಗೆ ತಂದು ನಮ್ಮ ಜಗಲಿಯಲ್ಲಿಟ್ಟ. "ಆಂಟಿ, ಅಪ್ಪನ ಫಾರಿನ್ ಕಾಗದಗಳು. ಗುಜರಿಗೆ ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ" ಅಂದ.

ಮೇಲೆಯೇ ಮೂರು ಪತ್ರಗಳಿದ್ದವು, ಅಮೆರಿಕದ ಆ ಊರಿನ ಒಬ್ಬರೇ ಬರೆದದ್ದು. ಮೊದಲನೆಯದರಲ್ಲಿ, ನಿಮ್ಮ ಶಾಲೆಯ ಮಕ್ಕಳು ಎಷ್ಟು ಚಿತ್ರ ಕಳಿಸುತ್ತಾರೆ ಎಂದು ಕೇಳಿದ್ದರು. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲಿ ಚಿತ್ರದ ಸುದ್ದಿಯೇ ಇಲ್ಲ. ನೀವೆಲ್ಲ ಆರೋಗ್ಯವಾಗಿದ್ದೀರಾ ಅಂತ ಮಾತ್ರ. ಹನ್ನೊಂದು ತಿಂಗಳಲ್ಲಿ ಬಂದ ಮೂರು ಪತ್ರಕ್ಕೂ ಉತ್ತರ ಹೋಗಿರಲಿಲ್ಲ.

ಪೆಟ್ಟಿಗೆಯ ಅಡಿಯಲ್ಲಿ ಬಳಗದ ಲೆಟರ್‌ಹೆಡ್‌ನ ಕಟ್ಟು ಇತ್ತು. ಎಡಬದಿಯ ಅಂಚಿನಲ್ಲಿ ಮೇಲಿಂದ ಕೆಳಗೆ 17 ಹೆಸರು. ಒಬ್ಬರು ಗೌರವಾಧ್ಯಕ್ಷರು, ಒಬ್ಬರು ಅಧ್ಯಕ್ಷರು, ನಾಲ್ವರು ಉಪಾಧ್ಯಕ್ಷರು, ಸಲಹೆಗಾರರು, ಸಂಚಾಲಕರು, ಸಹ ಸಂಚಾಲಕರು. ಅಷ್ಟು ಜನರಲ್ಲಿ ಕಾಗದ ಬರೆಯುತ್ತಿದ್ದವರು ಒಬ್ಬರೇ. ಅವರು ಆಸ್ಪತ್ರೆ ಸೇರಿದ ದಿನವೇ ಬಳಗವೂ ಮಲಗಿತು.

ಬ್ಯಾಂಕಿನಲ್ಲಿ ನನಗೆ ಒಂಬತ್ತು ಸಲ ವರ್ಗ ಆಗಿದೆ. ಪ್ರತಿಸಲವೂ ಚಾರ್ಜ್ ಕೊಡಬೇಕು. ಬೀಗದ ಕೈ ಎಷ್ಟು, ಯಾವ ರಿಜಿಸ್ಟರ್ ಯಾವ ಕಪಾಟಿನಲ್ಲಿ, ಯಾವ ಪತ್ರಕ್ಕೆ ಉತ್ತರ ಬಾಕಿ, ಎಲ್ಲ ಬರೆದು ಇಬ್ಬರೂ ಸಹಿ ಹಾಕಿದ ಮೇಲೆಯೇ ರಿಲೀವ್. ಈ ಬಳಗದಲ್ಲಿ ಚಾರ್ಜ್ ಕೊಡುವುದು ಎಂಬುದೇ ಇರಲಿಲ್ಲ. ಹತ್ತು ವರ್ಷ ನಾನು ಮಾಡಿದ್ದು ಹೆಚ್ಚುಕಡಿಮೆ ಅದೊಂದೇ ಕೆಲಸ, ಚಾರ್ಜ್ ಕೊಡಲು ಬರುವ ಹಾಗೆ ಬಳಗವನ್ನು ಇಡುವುದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕಾಯಿತು. ನಾವು ನಿಜಕ್ಕೂ ಸಿಸ್ಟರ್ ಸಿಟಿಯಾ, ಅಂದರೆ ಅಧಿಕೃತವಾಗಿ ನಂಟು ಬೆಳೆಸಿದ ಊರುಗಳಾ? ಅಮೆರಿಕದ ಊರುಗಳ ಇಂಥ ಸಂಬಂಧಗಳಿಗೆ ಸಿಸ್ಟರ್ ಸಿಟೀಸ್ ಇಂಟರ್‌ನ್ಯಾಷನಲ್ ಎಂಬ ದೊಡ್ಡ ಸಂಸ್ಥೆ ಇದೆ. ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಸುರು ಮಾಡಿದ್ದು. ಸರಕಾರಗಳು ಮಾತಾಡುವುದು ಹೇಗೂ ಇದೆ, ಜನ ಜನರ ಜೊತೆ ಮಾತಾಡಲಿ ಅನ್ನುವುದು ಅವರ ಆಸೆ. ಆ ಸಂಸ್ಥೆಯ ಲೆಕ್ಕದಲ್ಲಿ ಎರಡೂ ಊರಿನ ಮೇಯರ್ ಸಹಿ ಹಾಕಿದರೆ ಮಾತ್ರ ಸಿಸ್ಟರ್ ಸಿಟಿ. ನಮ್ಮಲ್ಲಿ ಪಾಲಿಕೆ ಹಾಗೆ ಸಹಿ ಹಾಕಬೇಕಾದರೆ ರಾಜ್ಯ ಸರಕಾರವೂ ವಿದೇಶಾಂಗ ಸಚಿವಾಲಯವೂ ಒಪ್ಪಬೇಕು. ನಮ್ಮದು ಆ ಮಟ್ಟದ್ದಲ್ಲ, ಎರಡು ಊರಿನ ಜನರ ಬಳಗ ಅಷ್ಟೇ. ಮಂಗಳೂರಿಗೆ ಅಧಿಕೃತ ನಂಟು ಇರುವುದು ಕೆನಡಾದ ಹ್ಯಾಮಿಲ್ಟನ್ ಜೊತೆ, ಅದೂ 1968ರಿಂದ. ಆಗ ಇಲ್ಲಿ ಮಹಾನಗರಪಾಲಿಕೆಯೂ ಇರಲಿಲ್ಲ, ಅದು ಆದದ್ದು 1980ರಲ್ಲಿ. ಸರೋವರದ ದಂಡೆಯ ಉಕ್ಕಿನ ಊರು ಮತ್ತು ಕಡಲ ಕರೆಯ ಹೆಂಚಿನ ಊರು. ಇಂದಿಗೂ ಮಂಗಳೂರಿನಲ್ಲಿ ಹತ್ತು ಜನರನ್ನು ಕೇಳಿದರೆ ಒಂಬತ್ತು ಜನರಿಗೆ ಈ ವಿಷಯ ಗೊತ್ತಿರಲಿಕ್ಕಿಲ್ಲ ಅನ್ನುವುದು ನನ್ನ ಅಂದಾಜು.

ಸಿಸ್ಟರ್ ಅನ್ನುವ ಶಬ್ದವೇ ಇಲ್ಲಿ ಕಷ್ಟ. ಅತಿಥಿಗಳನ್ನು ಕರೆತರಲು ಬಜ್ಪೆ ಏರ್‌ಪೋರ್ಟಿಗೆ ಹೋಗುವಾಗ ರಿಕ್ಷಾದವರು ಯಾರು ಬರುವುದು ಅಂತ ಕೇಳಿದರು. "ಸಿಸ್ಟರ್ ಸಿಟಿಯವರು" ಅಂದೆ. "ಯಾವ ಕಾನ್ವೆಂಟಿನವರು ಬಾಯಮ್ಮ?" ಅಂದರು. ನಮ್ಮ ಖಜಾಂಚಿಯವರ ಪ್ರಶ್ನೆ ಬೇರೆ: "ಅಕ್ಕನಾ, ತಂಗಿಯಾ? ಅದು ಗೊತ್ತಾಗ್ಬೇಕಲ್ವಾ?" ಅಮೆರಿಕದವರ ಊರಿಗೆ ಇನ್ನೂರು ವರ್ಷವೂ ಆಗಿಲ್ಲ. ಹಾಗಾದರೆ ನಾವೇ ಅಕ್ಕ ಅಂತ ತೀರ್ಮಾನ ಆಯಿತು. ಅಕ್ಕ ಆದ ಮೇಲೆ ಮೊದಲು ಕಾಗದ ಬರೆಯಬೇಕಾದ್ದೂ ನಾವೇ ಅಂತ ನಾನು ಸೇರಿಸಿದೆ.

ಮೂರು ಪತ್ರಕ್ಕೂ ಸೇರಿಸಿ ಒಂದೇ ಉತ್ತರ ಬರೆದೆ. ಕಾರ್ಯದರ್ಶಿ ತೀರಿಕೊಂಡರು, ತಪ್ಪಾಯಿತು, 42 ಚಿತ್ರ ಕಳಿಸುತ್ತೇವೆ ಅಂತ. ಆಮೇಲೆ 42 ಚಿತ್ರ ಮಾಡಿಸುವುದು! ಶಾಲೆಯ ಡ್ರಾಯಿಂಗ್ ಮಾಸ್ಟರಿಗೆ ದುಂಬಾಲು ಬಿದ್ದು ಒಂದು ತಿಂಗಳಲ್ಲಿ ಮುಗಿಸಿದೆವು. ಪಣಂಬೂರಿನ ಹಡಗು, ಪಂಜುರ್ಲಿ ದೈವದ ಬೆನ್ನಿಗೆ ಕಟ್ಟುವ ಅಣಿ, ಮೀನು ಮಾರುವ ಹೆಂಗಸರು. ಒಬ್ಬ ಹುಡುಗ ಬರೀ ನೀಲಿ ಗೆರೆ ಎಳೆದಿದ್ದ. ಏನೋ ಇದು ಅಂದರೆ "ಜುಲೈ" ಅಂದ. ಎಲ್ಲ ಸುರುಳಿ ಸುತ್ತಿ, ಪೈಪ್ ಅಂಗಡಿಯಿಂದ ತಂದ ಪಿವಿಸಿ ತುಂಡಿನೊಳಗೆ ತುರುಕಿ, ಪಾಂಡೇಶ್ವರದ ದೊಡ್ಡ ಪೋಸ್ಟಾಫೀಸಿಗೆ ಹೋದೆ.

ವಿದೇಶಕ್ಕೆ ಪಾರ್ಸೆಲ್ ಅಂದರೆ ಕಸ್ಟಮ್ಸ್ ಫಾರಂ ತುಂಬಬೇಕು. ಒಳಗೆ ಏನಿದೆ, ತೂಕ ಎಷ್ಟು, ಬೆಲೆ ಎಷ್ಟು.

"ಬೆಲೆ ಇಲ್ಲ ಸರ್, ಮಕ್ಕಳ ಚಿತ್ರ" ಅಂದೆ.

"ಸೊನ್ನೆ ಹಾಕಿದ್ರೆ ಆಗ್ಲಿಕ್ಕಿಲ್ಲಮ್ಮ. ಎಂತದಾದ್ರೂ ಬರೀರಿ."

ಒಂದಕ್ಕೆ 10 ರೂಪಾಯಿ ಅಂತ ಹಿಡಿದೆ. 42 ಚಿತ್ರಕ್ಕೆ 420. ಕೌಂಟರಿನವರು ಸಂಖ್ಯೆ ನೋಡಿ ನನ್ನ ಮುಖ ನೋಡಿದರು. ಹಿಂದೆ ಕ್ಯೂನಲ್ಲಿದ್ದವರೂ ಬಗ್ಗಿ ನೋಡಿದರು. "ಬೇಡ ಅಮ್ಮ, ಒಳ್ಳೆ ಕೆಲಸಕ್ಕೆ ಆ ನಂಬ್ರ ಯಾಕೆ" ಅಂದರು. 430 ಅಂತ ತಿದ್ದಿದೆ. ಆ ಹತ್ತು ರೂಪಾಯಿ ಜುಲೈ ಹುಡುಗನ ಲೆಕ್ಕಕ್ಕೆ ಅಂದುಕೊಂಡೆ.

ಚಿತ್ರ ತಲುಪಿತು, ಫೋಟೋ ಬಂತು, ಮಾತುಕತೆ ಸುರುವಾಯಿತು. ತಿಂಗಳಿಗೊಮ್ಮೆ ವಿಡಿಯೋ ಕಾಲ್. ನಮ್ಮ ಬೆಳಿಗ್ಗೆ 6:30, ಅವರ ಹಿಂದಿನ ದಿನದ ರಾತ್ರಿ 8. ಮೊದಲ ನವೆಂಬರಿನಲ್ಲಿ ನಾವು ಆರು ಜನ ಅಧ್ಯಕ್ಷರ ಮನೆಯಲ್ಲಿ ಚಾ ಕುಡಿದು ಲ್ಯಾಪ್‌ಟಾಪ್ ಎದುರು ಕೂತೆವು. ಆಚೆ ಯಾರೂ ಇಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕಳೆದ ತಿಂಗಳು ದುಡ್ಡಿನ ವಿಷಯದಲ್ಲಿ ನಾನು ಖಡಾಖಂಡಿತ ಮಾತಾಡಿದ್ದೆ. ಅದಕ್ಕೆ ಸಿಟ್ಟಾಗಿರಬೇಕು ಅಂತ ಎಲ್ಲರೂ ನನ್ನ ಮೇಲೆ ಬಿದ್ದರು. ಉಪಾಧ್ಯಕ್ಷರೊಬ್ಬರು ಕ್ಷಮಾಪಣೆ ಪತ್ರದ ಒಕ್ಕಣೆಯನ್ನೂ ಹೇಳಲು ತೊಡಗಿದರು. ಸರಿಯಾಗಿ 7:30ಕ್ಕೆ ಅವರೆಲ್ಲ ನಗುನಗುತ್ತಾ ತೆರೆಯ ಮೇಲೆ ಬಂದರು. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಇದು ಈಗ ನಮ್ಮ ಚಾರ್ಜ್ ಪುಸ್ತಕದ ಎರಡನೇ ಪುಟದಲ್ಲಿ ಕೆಂಪು ಶಾಯಿಯಲ್ಲಿದೆ.

ದುಡ್ಡಿನ ವಿಷಯ ಅಂದೆನಲ್ಲ. ಶಾಲೆಗೆ ಪುಸ್ತಕ ಕೊಳ್ಳಲು ಅವರು ಹಣ ಸೇರಿಸಿದ್ದರು. ಅಕೌಂಟ್ ನಂಬರ್ ಕಳಿಸಿ ಅಂದರು. ನಮ್ಮವರಿಗೆ ಖುಷಿಯೋ ಖುಷಿ. ನಾನು ಬೇಡ ಅಂದೆ. 2010ರ ವಿದೇಶಿ ವಂತಿಗೆ ಕಾಯ್ದೆಯ ಪ್ರಕಾರ ನೋಂದಣಿಯೋ ಮುಂಚಿತ ಅನುಮತಿಯೋ ಇಲ್ಲದ ಸಂಘ ಹೊರದೇಶದ ಹಣ ಮುಟ್ಟುವ ಹಾಗಿಲ್ಲ. 2020ರ ತಿದ್ದುಪಡಿ ಬಂದ ಮೇಲಂತೂ ನೋಂದಣಿ ಇದ್ದವರಿಗೂ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಯಾರದ್ದಾದರೂ ಸ್ವಂತ ಖಾತೆಗೆ ಹಾಕಿಸಿಕೊಳ್ಳೋಣ, ಯಾರಿಗೆ ಗೊತ್ತಾಗುತ್ತೆ ಅಂತ ಒಬ್ಬರು ಅಂದರು. ನಾನು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿದ್ದವಳು. ಯಾರಿಗೆ ಗೊತ್ತಾಗುತ್ತೆ ಅಂತ ನನಗೆ ಗೊತ್ತು. ಆ ಹಣವನ್ನು ಅವರು ತಮ್ಮ ಊರಿನ ಮಕ್ಕಳಿಗೇ ಖರ್ಚು ಮಾಡಿದರು. ನಾವು ಇಲ್ಲಿ ನಮ್ಮ ನಮ್ಮಲ್ಲೇ ಸೇರಿಸಿ ಪುಸ್ತಕ ಕೊಟ್ಟೆವು. ಪ್ರೀತಿಗೇನೂ ಕಡಿಮೆ ಆಗಲಿಲ್ಲ.

ಎರಡು ವರ್ಷ ಕಳೆದು ಅವರ ಆರು ಜನ ಬಂದರು. ಇದರಲ್ಲಿ ನಾನು ಸೋತೆ, ಒಪ್ಪಿಕೊಳ್ಳುತ್ತೇನೆ. ಅವರನ್ನು ಹೋಟೆಲಿಗೆ ಹಾಕದೆ ನಮ್ಮ ಮನೆಗಳಲ್ಲೇ ಇಟ್ಟುಕೊಂಡೆವು. ವಿದೇಶಿಯರು ಮನೆಯಲ್ಲಿ ಉಳಿದರೂ 24 ಗಂಟೆಯೊಳಗೆ ಅದನ್ನು ಸರಕಾರಕ್ಕೆ ತಿಳಿಸುವ ‘ಸಿ’ ಫಾರಂ ತುಂಬಬೇಕಿತ್ತು. ಅದೆಲ್ಲ ಸಮಯಕ್ಕೆ ಸರಿಯಾಗಿ ಮಾಡಿದೆ. ಸೋತದ್ದು ಸ್ವಾಗತ ಸಭೆಯಲ್ಲಿ. ಸಭೆ ಚಿಕ್ಕದಾಗಿರಲಿ ಅಂತ ನಾನೆಂದೆ. ಆದರೆ ಲೆಟರ್‌ಹೆಡ್‌ನ 17 ಹೆಸರಿಗೂ ವೇದಿಕೆಯಲ್ಲಿ ಕುರ್ಚಿ ಬೇಕಲ್ಲ! ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಅಷ್ಟೂ ಜನರಿಂದ ಎರಡೆರಡು ಮಾತು. ಎರಡೆರಡು ಮಾತು ಅಂದರೆ ಹತ್ತು ಹತ್ತು ನಿಮಿಷ ಅಂತ ನಿಮಗೆ ಗೊತ್ತೇ ಇದೆ. ವಿಮಾನದ ನಿದ್ದೆ ಇಳಿಯದ ಅವರ ಅಧ್ಯಕ್ಷೆ, ಎಪ್ಪತ್ತು ದಾಟಿದ ಹೆಂಗಸು, ಪೇಟ ತೊಟ್ಟು ಶಾಲು ಹೊದ್ದು ಹಣ್ಣಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಲ್ಲೇ ತೂಕಡಿಸಿದರು. ಪೇಟ ಮೆಲ್ಲ ಹಣೆಗೆ ಇಳಿಯಿತು, ಆಮೇಲೆ ಕಣ್ಣಿಗೆ. ಒಂದು ಮೂಸಂಬಿ ಉರುಳಿ ಭಾಷಣ ಮಾಡುತ್ತಿದ್ದವರ ಕಾಲಿಗೆ ತಾಗಿತು. ಅವರು ನಿಲ್ಲಿಸಲಿಲ್ಲ.

ಮರುದಿನ ನಮ್ಮ ಅಡುಗೆಮನೆಯಲ್ಲಿ ನೀರುದೋಸೆ ತಿನ್ನುತ್ತಾ ಆಕೆ ಕೇಳಿದರು, ಆ 17 ಜನರೂ ಬಳಗಕ್ಕೆ ಏನು ಮಾಡುತ್ತಾರೆ ಅಂತ. ನನ್ನ ಬಳಿ ಉತ್ತರ ಇರಲಿಲ್ಲ. ಅವರ ಬೋರ್ಡಿನಲ್ಲಿ ಒಂಬತ್ತು ಜನ, ಎಲ್ಲರೂ ಸಂಬಳ ಇಲ್ಲದೆ ದುಡಿಯುವವರು. ಒಬ್ಬರಿಗೆ ಶಾಲೆ, ಒಬ್ಬರಿಗೆ ಅತಿಥಿಗಳ ಮನೆವಾಸ, ಒಬ್ಬರಿಗೆ ಲೆಕ್ಕ. ಕೆಲಸ ಇಲ್ಲದ ಹುದ್ದೆಯೇ ಇಲ್ಲ.

ಅವರು ಹೋದ ಮೇಲೆ ಮಹಾಸಭೆಯಲ್ಲಿ ನಾನು ಒಂದು ಠರಾವು ಮಂಡಿಸಿದೆ. ಕರ್ನಾಟಕದ 1960ರ ಸಂಘಗಳ ಕಾಯ್ದೆಯಲ್ಲಿ ಸಂಘ ಕಟ್ಟಲು ಏಳು ಜನ ಸಾಕು. ನಮಗೂ ಏಳೇ ಸಾಕು, ಒಬ್ಬೊಬ್ಬರಿಗೆ ಒಂದೊಂದು ಕೆಲಸ, ಪ್ರತಿ ಕೆಲಸ ಕಲಿಯಲು ಇನ್ನೊಬ್ಬರು. ಗಲಾಟೆ ಆಯಿತು. ಇಬ್ಬರು ಈಗಲೂ ಮದುವೆ ಮನೆಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ. ಸುಮ್ನೆ ಹೇಳುವುದಲ್ಲ, ಊರ ಬಳಗ ನಡೆಸುವುದರಲ್ಲಿ ಆಚೆ ದೇಶದವರನ್ನು ಸಂಭಾಳಿಸುವುದು ಸುಲಭ, ಕಷ್ಟ ಎಲ್ಲ ಈಚೆಯವರದ್ದೇ.

ಮೇಯರ್ ವಿಷಯವೂ ಹಾಗೆಯೇ. ನಾನು ಕಂಡಷ್ಟು ಕಾಲ ಇಲ್ಲಿ ಮೇಯರ್ ಅವಧಿ ಒಂದು ವರ್ಷ. ಅವರ ಊರಿನಲ್ಲಿ ನಾಲ್ಕು. ಪಾಪ, ಪ್ರತಿಸಲ ಅವರು ಶುಭಾಶಯ ಪತ್ರ ಬರೆಯುವಾಗ ಹೆಸರು ಹಳತಾಗಿರುತ್ತಿತ್ತು. ಹಾಗಾಗಿ ಒಂದು ಅಭ್ಯಾಸ ಮಾಡಿಕೊಂಡೆ. ಹೊಸ ಮೇಯರ್ ಬಂದ ವಾರದೊಳಗೆ ಲಾಲ್‌ಬಾಗ್‌ನ ಪಾಲಿಕೆ ಕಚೇರಿಗೆ ಹೋಗಿ ಒಂದೇ ಪುಟದ ಟಿಪ್ಪಣಿ ಕೊಡುವುದು. ನಾವು ಯಾರು, ಇಷ್ಟು ವರ್ಷ ಏನು ಮಾಡಿದೆವು, ನಿಮ್ಮಿಂದ ಬೇಕಾದ್ದು ವರ್ಷಕ್ಕೆ ಎರಡು ಸಹಿ. ಹಣ ಬೇಡ ಅಂತ ಮೊದಲ ಸಾಲಿನಲ್ಲೇ ಬರೆದರೆ ಎಲ್ಲರೂ ಪ್ರೀತಿಯಿಂದ ಕೂರಿಸಿ ಚಾ ಕೊಡುತ್ತಾರೆ.

ಕಳೆದ ವರ್ಷ ನಾನು ಬಿಟ್ಟೆ. ಮೂರು ವರ್ಷದಿಂದ ನನ್ನ ಜೊತೆ ಕೆಲಸ ಕಲಿತ ಸುರತ್ಕಲ್‌ನ ಹುಡುಗಿಗೆ ಚಾರ್ಜ್ ಕೊಟ್ಟೆ. ಪಟ್ಟಿಯಲ್ಲಿ 31 ಐಟಂ. ಪತ್ರಗಳ ಫೈಲ್ ನಾಲ್ಕು, ಉಳಿದ ಅಂಚೆ ಚೀಟಿ, ಸೀಲ್ ಒಂದು, ಪೇಟ ಎರಡು (ಒಂದು ದೊಡ್ಡ ತಲೆಗೆ), ಪಿವಿಸಿ ಪೈಪ್ ತುಂಡು ಮೂರು, ಬಾಕಿ ಉತ್ತರ ಸೊನ್ನೆ. ಒಂದೊಂದೇ ಓದಿ ಟಿಕ್ ಹಾಕಿ ಇಬ್ಬರೂ ಸಹಿ ಮಾಡಿದೆವು. ಖಜಾಂಚಿ ಸಾಕ್ಷಿ. ಅಂದು ರಾತ್ರಿ ಒಳ್ಳೆ ನಿದ್ದೆ ಬಂತು.

ಬೆಳಿಗ್ಗೆ 6:20ಕ್ಕೆ ಫೋನ್. "ಆಂಟಿ, ಇನ್ನು ಹತ್ತು ನಿಮಿಷಕ್ಕೆ ಮೀಟಿಂಗ್. ಬಳಗದ ಇಮೇಲ್ ತೆರೀತಾ ಇಲ್ಲ. ಒಟಿಪಿ ನಿಮ್ಮ ನಂಬ್ರಕ್ಕೆ ಬಂದಿದೆಯಾ ನೋಡ್ತೀರಾ?"

ಬಂದಿತ್ತು. ಕನ್ನಡಕ ಹುಡುಕಿ ಆರು ಅಂಕೆ ಓದಿ ಹೇಳಿದೆ. 32ನೇ ಐಟಂ ಬರೆದುಕೊಳ್ಳಮ್ಮ ಅಂದೆ.