ಹಿಡಿ, ಅಲಗು, ಒರೆ: ಫಿಲಿಪೈನ್ಸ್‌ನ ಹಳೆಯ ಆಯುಧಗಳನ್ನು ನಾನು ಗುರುತಿಸುವ ಬಗೆ

ಫಿಲಿಪೈನ್ಸ್‌ನ ಹಳೆಯ ಕತ್ತಿ ಕೈಗೆ ಬಂದರೆ ನಾನು ಅದನ್ನು ಒಂದೇ ವಸ್ತುವಾಗಿ ನೋಡುವುದಿಲ್ಲ. ಅಲಗಿಗೆ ಒಂದು ವಯಸ್ಸು, ಹಿಡಿಗೆ ಇನ್ನೊಂದು, ಒರೆಗೆ ಮತ್ತೊಂದು ಇರಬಹುದು, ಊರೂ ಬೇರೆಯಾಗಿರಬಹುದು. ಅಜ್ಜನ ಅಲಗಿಗೆ ಹೊಸ ಹಿಡಿ ಹಾಕಿಸುವುದು, ಗೆದ್ದಲು ತಿಂದ ಒರೆಯ ಬದಲು ಬೇರೆಯದನ್ನು ಮಾಡಿಸುವುದು ಅಲ್ಲಿ ಸಹಜ. ಅದು ದೋಷವಲ್ಲ. ಮಾರುವವರು ಮಾತ್ರ ಮೂರರಲ್ಲಿ ಅತಿ ಹಳೆಯದರ ವಯಸ್ಸನ್ನೇ ಇಡೀ ವಸ್ತುವಿಗೆ ಕಟ್ಟಿ ಬೆಲೆ ಹೇಳುತ್ತಾರೆ. ಅದಕ್ಕೇ ಮೂರಕ್ಕೂ ಮೂರು ಚೀಟಿ ಬರೆದುಕೊಂಡು, ಕೊನೆಯಲ್ಲಷ್ಟೇ ಅವನ್ನು ಹೊಂದಿಸಿ ನೋಡುತ್ತೇನೆ.

ಮೊದಲ ವಿಂಗಡಣೆ ನಾಡಿನದು. ಉತ್ತರದ ಲೂಜಾನ್ ದ್ವೀಪದ ಕೊರ್ಡಿಲ್ಯೆರಾ ಬೆಟ್ಟಗಳಲ್ಲಿರುವ ಬೊಂಟೊಕ್, ಕಾಲಿಂಗ, ಇಫುಗಾವೊ, ತಿಂಗ್ಗಿಯಾನ್ ಜನರದು ಕೊಡಲಿ, ಈಟಿ, ಗುರಾಣಿ. ದಕ್ಷಿಣದ ಮಿಂದನಾವೊ ಮತ್ತು ಸುಲು ದ್ವೀಪಗಳ ಮುಸ್ಲಿಂ ಸಮುದಾಯಗಳನ್ನು ಒಟ್ಟಾಗಿ ಮೊರೊ ಎನ್ನುತ್ತಾರೆ. ತೌಸುಗ್, ಯಾಕಾನ್, ಮಾರನಾವೊ, ಮಗಿಂದನಾವೊ ಎಲ್ಲರೂ ಅದರಲ್ಲಿ ಸೇರಿದವರು. ಕ್ರಿಸ್, ಬರೊಂಗ್, ಕಂಪಿಲಾನ್ ಎಂಬ ಕತ್ತಿಗಳು ಅವರವು. ಅದೇ ಮಿಂದನಾವೊದ ಒಳನಾಡಿನ ಬಗೊಬೊ, ಟಿಬೊಲಿ ಜನರ ಕತ್ತಿಗಳಲ್ಲಿ ಹಿತ್ತಾಳೆ, ಗೆಜ್ಜೆ ಎದ್ದು ಕಾಣುತ್ತವೆ. ಜಂಬಾಲೆಸ್ ಕಡೆಯ ಆಯ್ತಾ ಜನರದು ಬಿಲ್ಲುಬಾಣ. ಮಾರುಕಟ್ಟೆಯಲ್ಲಿ ಕತ್ತಿಗಳಿಗೆಲ್ಲ ‘ಮೊರೊ’, ಕೊಡಲಿಗಳಿಗೆಲ್ಲ ಬೆಟ್ಟದ ಜನರಿಗಿರುವ ಒಟ್ಟು ಹೆಸರಾದ ‘ಇಗೊರೊಟ್’ ಎಂಬ ಒಂದೇ ಹಣೆಪಟ್ಟಿ ಇರುತ್ತದೆ. ಅಷ್ಟಕ್ಕೇ ನಿಂತರೆ ಗುರುತಿಸುವ ಕೆಲಸ ಶುರುವೇ ಆಗಿಲ್ಲ ಎಂದರ್ಥ.

ಹೆಚ್ಚು ಓದಲು ಸಿಗುವುದು ಕ್ರಿಸ್‌ನಲ್ಲಿ. ಜಾವಾದ ಕೆರಿಸ್ ಚುಚ್ಚುವ ಕಠಾರಿ. ಹಿಡಿಯೊಳಗೆ ಇಳಿಯುವ ಅದರ ಬಾಲ ದುಂಡಗಿರುತ್ತದೆ. ಮೊರೊ ಕ್ರಿಸ್ ಕಡಿಯಲೂ ಬೇಕು, ಹಾಗಾಗಿ ಅದು ಅಗಲ, ಭಾರ. ಕಡಿದಾಗ ಹಿಡಿಯೊಳಗೆ ತಿರುಗಬಾರದೆಂದು ಬಾಲ ಚಪ್ಪಟೆ ಚೌಕವಾಗಿರುತ್ತದೆ. ಅಲಗಿನ ಬುಡದಲ್ಲಿ ಎರಡೂ ಕಡೆ ಚಾಚಿದ ಅಗಲವಾದ ಭಾಗಕ್ಕೆ ಗಂಗ್ಯ ಎನ್ನುತ್ತಾರೆ. ಹಳೆಯ ಕ್ರಿಸ್‌ಗಳಲ್ಲಿ ಅದು ಬೇರೆಯೇ ತುಂಡು. ಅಲಗಿಗೂ ಅದಕ್ಕೂ ನಡುವೆ ಕೂದಲೆಳೆಯಂಥ ಸಂದು ಇರುತ್ತದೆ. ತೀರ ಹಳೆಯವುಗಳಲ್ಲಿ ಆ ಗೆರೆ ನೇರ. ಹತ್ತೊಂಬತ್ತನೇ ಶತಮಾನದವುಗಳಲ್ಲಿ ಒಂದು ತುದಿಯಲ್ಲಿ ಓರೆಯಾಗಿ ತಿರುಗುತ್ತದೆ. ಇಪ್ಪತ್ತನೇ ಶತಮಾನದ ಎಷ್ಟೋ ಕ್ರಿಸ್‌ಗಳಲ್ಲಿ ಅಲಗು, ಗಂಗ್ಯ ಎರಡೂ ಒಂದೇ ತುಂಡು, ಗೆರೆಯನ್ನು ಮೇಲೆ ಗೀರಿರುತ್ತಾರೆ ಅಷ್ಟೆ. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಗೀರು ತಿಳಿದುಬಿಡುತ್ತದೆ: ಅದಕ್ಕೆ ತಳ ಕಾಣುತ್ತದೆ, ನಿಜವಾದ ಸಂದಿಗೆ ತಳ ಕಾಣುವುದಿಲ್ಲ. ಗೀರಿದ ಗೆರೆ ಅಂಚಿಗೆ ಬಂದು ನಿಂತುಬಿಡುತ್ತದೆ. ಸಂದು ಅಂಚನ್ನು ದಾಟಿ ಆಚೆ ಬದಿಗೂ ಹೋಗುತ್ತದೆ.

ಕ್ರಿಸ್ ಅಲಗಿನ ಅಲೆಯಂಥ ಬಾಗುಗಳನ್ನು ಎಣಿಸಿ ವಯಸ್ಸು ಹೇಳುವವರಿದ್ದಾರೆ. ನಾನು ಎಣಿಸುವುದಿಲ್ಲ, ದಪ್ಪ ಅಳೆಯುತ್ತೇನೆ. ವರ್ನಿಯರ್ ಕ್ಯಾಲಿಪರ್‌ನಿಂದ ಗಂಗ್ಯದ ಪಕ್ಕ, ಅಲಗಿನ ನಡುವೆ, ಮೊನೆಯಿಂದ 5 ಸೆಂ.ಮೀ. ಒಳಗೆ, ಹೀಗೆ ಮೂರು ಕಡೆ. ಕುಲುಮೆಯಲ್ಲಿ ಬಡಿದು ಮಾಡಿದ ಅಲಗು ಮೊನೆಯ ಕಡೆಗೆ ಸಮನಾಗಿ ತೆಳುವಾಗುತ್ತ ಹೋಗುತ್ತದೆ, ಅಲೆಗಳೂ ಕಿರಿದಾಗುತ್ತವೆ. ತಗಡಿನಿಂದ ಕತ್ತರಿಸಿ ಪ್ರವಾಸಿಗರಿಗೆಂದು ಮಾಡಿದ್ದು ಮೂರೂ ಕಡೆ ಹೆಚ್ಚುಕಡಿಮೆ ಒಂದೇ ದಪ್ಪ. ಎರಡನೇ ಮಹಾಯುದ್ಧದ ನಂತರ ಇಂಥವು ರಾಶಿ ರಾಶಿ ಬಂದವು, ಮುತ್ತಿನ ಚಿಪ್ಪು ಕೂರಿಸಿದ ಹೊಳೆಯುವ ಒರೆಗಳ ಸಮೇತ. ಆದರೆ ಯುದ್ಧದ ನಂತರದ್ದೆಲ್ಲ ಕಳಪೆ ಎನ್ನುವುದೂ ಸರಿಯಲ್ಲ. ಜೀಪಿನ ಲೀಫ್ ಸ್ಪ್ರಿಂಗ್‌ನಿಂದ ಬಡಿದ ಒಳ್ಳೆಯ ಬರೊಂಗ್‌ಗಳಿವೆ. ಅವನ್ನು ಅವುಗಳ ಕಾಲದವೆಂದೇ ಗುರುತಿಸಿ, ಆ ಬೆಲೆಗೇ ಕೊಳ್ಳಬೇಕು.

ಹಿಡಿಗೆ ಬಂದರೆ, ಮೇಲಿನ ಗುಬ್ಬಿಗೆ, ಅಂದರೆ ತುದಿಯ ಉಬ್ಬಿದ ಗುಂಡಿಗೆ, ಕಾಕಾತುವಾ ಗಿಳಿಯ ಹೆಸರಿದೆ. ಅದನ್ನು ದೊಡ್ಡದಾಗಿ ಬೆಳೆಸಿದ ರೂಪ ಜುಂಗ್ಗಯಾನ್. ಅಲಗನ್ನು ಹಿಡಿಗೆ ಬಿಗಿಯುವ ಲೋಹದ ಪಟ್ಟಿ ಬಾಕಾ-ಬಾಕಾ, ಕೆಲವಕ್ಕೆ ಒಂದು, ಕೆಲವಕ್ಕೆ ಎರಡು. ಬೆಳ್ಳಿ, ಹಿತ್ತಾಳೆ, ತಾಮ್ರ ಎಲ್ಲವೂ ಸಿಗುತ್ತವೆ. ಚಿನ್ನ ಮತ್ತು ತಾಮ್ರ ಬೆರೆಸಿದ ಸ್ವಾಸಾ ಕೂಡ ಇದೆ. ಅಲ್ಯೂಮಿನಿಯಂ ಕಂಡರೆ ಆ ಭಾಗವಾದರೂ ಇಪ್ಪತ್ತನೇ ಶತಮಾನದ್ದು, ಅದರಲ್ಲಿ ವಾದವಿಲ್ಲ. ಹಿಡಿ ಬಿಚ್ಚಿ ಮರುಕೂರಿಸಿದ್ದಾರೆಯೇ ಎಂದು ತಿಳಿಯಲು ಸಂದಿನಲ್ಲಿರುವ ಅಂಟನ್ನು ಸೂಜಿಯಿಂದ ಮೆಲ್ಲಗೆ ಕೆರೆಯುತ್ತೇನೆ. ಮರದ ರಾಳ ಪುಡಿಯಾಗಿ ಉದುರುತ್ತದೆ, ಈ ಕಾಲದ ರಾಸಾಯನಿಕ ಅಂಟಾದ ಎಪಾಕ್ಸಿ ಉದುರುವುದಿಲ್ಲ. ಗುಬ್ಬಿ ದಂತದ್ದೆಂದು ಹೇಳಿದರೆ ಕತ್ತರಿಸಿದ ಮುಖ ನೋಡಿ: ಆನೆದಂತದಲ್ಲಿ ಒಂದನ್ನೊಂದು ಹಾಯುವ ಬಾಗಿದ ಗೆರೆಗಳಿರುತ್ತವೆ, ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆಗಳು.

ಪದರ ಪದರವಾಗಿ ಬೆಸೆದ ಉಕ್ಕಿನ ವಿನ್ಯಾಸವನ್ನು ಹೊರತರಲು ಎಲ್ಲರಿಗೂ ಅವಸರ. ಅಲಗಿನ ಮೇಲೆ ಹಳೆಯ ಕಂದು ಮೇಲ್ಮೈ ಉಳಿದಿದ್ದರೆ ಮುಟ್ಟಬೇಡಿ. ಯಾರೋ ಮೊದಲೇ ಉಜ್ಜಿ ಬೆಳ್ಳಗೆ ಮಾಡಿದ್ದರೆ ಮಾತ್ರ ಈ ಕೆಲಸ. ಅಸಿಟೋನ್‌ನಿಂದ ಎಣ್ಣೆಯಂಶವನ್ನೆಲ್ಲ ತೆಗೆಯಬೇಕು, ಬೆರಳ ಗುರುತೊಂದು ಉಳಿದರೂ ಅದೇ ಕಲೆಯಾಗುತ್ತದೆ. ಹಿಡಿ ಮತ್ತು ಬಾಕಾ-ಬಾಕಾಕ್ಕೆ ಪ್ಲಾಸ್ಟಿಕ್ ಸುತ್ತಿ, ಮೊನೆ ಕೆಳಗೆ ಮಾಡಿ ಹಿಡಿಯಿರಿ. ಬೆಚ್ಚಗಿನ ಬಿಳಿ ವಿನೆಗರ್ ಅನ್ನು ಹತ್ತಿಯಿಂದ ನಿಲ್ಲಿಸದೆ ಸವರುತ್ತ, ಪ್ರತಿ 5 ನಿಮಿಷಕ್ಕೊಮ್ಮೆ ತೊಳೆದು ನೋಡುತ್ತ ಹೋದರೆ 15ರಿಂದ 30 ನಿಮಿಷದಲ್ಲಿ ಪದರಗಳು ಮೂಡುತ್ತವೆ. ಮೂಡಿದ ಕೂಡಲೇ ನಿಲ್ಲಿಸಿ, ಅಡುಗೆ ಸೋಡಾ ಕಲಸಿ ಹಚ್ಚಿ, ಬಿಸಿನೀರಿನಲ್ಲಿ ತೊಳೆದು, ಹೇರ್ ಡ್ರೈಯರ್‌ನಿಂದ ಒಣಗಿಸಿ, ತೆಳ್ಳಗೆ ಎಣ್ಣೆ ಸವರಬೇಕು. ಇಲ್ಲಿ ಕೆಡುವುದು ಬಹುಮಟ್ಟಿಗೆ ಒಂದೇ ರೀತಿಯಲ್ಲಿ: ವಿನೆಗರ್ ಗಂಗ್ಯದ ಸಂದಿಗೆ ಇಳಿದು ಅಲ್ಲೇ ಉಳಿಯುತ್ತದೆ. ಹೊರಗೆ ಅಲಗು ಅಂದವಾಗಿದ್ದರೂ ಒಳಗೆ ಬಾಲ ತುಕ್ಕು ಹಿಡಿದು ಉಬ್ಬಿ, ಕೊನೆಗೆ ಹಿಡಿಯೇ ಸೀಳುತ್ತದೆ.

ಬರೊಂಗ್ ಎಲೆಯಾಕಾರದ್ದು, ಒಂದೇ ಬಾಯಿ (ಹರಿತವಾದ ಅಂಚು), ಬುಡದಲ್ಲಿ ದಪ್ಪನೆಯ ಬೆನ್ನು. ಕೈಯಲ್ಲಿ ಹಿಡಿದರೆ ಭಾರವೆಲ್ಲ ಮುಂದಕ್ಕೆ ಎಳೆಯಬಾರದು. ಎಳೆದರೆ ಅಲಗು ಮೊನೆಯ ಕಡೆಗೆ ತೆಳುವಾಗಿಲ್ಲ ಎಂದರ್ಥ. ಕಂಪಿಲಾನ್ ಸುಮಾರು 90ರಿಂದ 100 ಸೆಂ.ಮೀ. ಉದ್ದ, ಮೊನೆಯ ಕಡೆಗೆ ಅಗಲವಾಗುತ್ತದೆ, ಮೊನೆಯ ಬೆನ್ನಿನಲ್ಲಿ ಒಂದು ಸಣ್ಣ ಮುಳ್ಳು. ಹಿಡಿಯ ತುದಿ ಬಾಯ್ದೆರೆದ ಪ್ರಾಣಿಯ ಹಾಗೆ ಕವಲೊಡೆದಿರುತ್ತದೆ. ಮುಳ್ಳು ಮುರಿದಿರುವುದು ಸಾಮಾನ್ಯ, ಅದಕ್ಕಾಗಿ ಒಳ್ಳೆಯ ಅಲಗನ್ನು ಬಿಡಬೇಕಿಲ್ಲ. ಒರೆ ಎರಡು ಹೋಳುಗಳನ್ನು ಬೆತ್ತದಿಂದ ಕಟ್ಟಿ ಮಾಡಿದ್ದು. ಕಟ್ಟು ಸಡಿಲವಾದ ಒರೆಯನ್ನು ಮುಷ್ಟಿಯಲ್ಲಿ ಹಿಡಿದು ಕತ್ತಿ ಎಳೆದರೆ ಅಲಗು ಸಂದಿನಿಂದ ಹೊರಬಂದು ಬೆರಳು ಹೋಗುತ್ತದೆ. ಒರೆಯನ್ನು ಬೆನ್ನಿನ ಕಡೆಯಿಂದ ಮಾತ್ರ ಬೆಂಬಲಿಸಿ ಹಿಡಿಯಬೇಕು.

ಬೆಟ್ಟದ ಜನರ ಆಯುಧಗಳಲ್ಲಿ ನನಗೆ ಗುರಾಣಿಯೇ ದೊಡ್ಡದು. ಕಾಲಿಂಗ ಮತ್ತು ತಿಂಗ್ಗಿಯಾನ್ ಗುರಾಣಿಗೆ ಮೇಲೆ ಮೂರು ಕವಲು, ಕೆಳಗೆ ಎರಡು. ಮೇಲಿನವನ್ನು ಎದುರಾಳಿಯ ಕಾಲುಗಳ ನಡುವೆ ತೂರಿಸಿ ಕೆಡವಿ, ಕೆಳಗಿನವುಗಳಿಂದ ಕುತ್ತಿಗೆ ಒತ್ತುತ್ತಿದ್ದರೆಂದು ದಾಖಲೆಯಿದೆ. ಬೊಂಟೊಕ್ ಗುರಾಣಿಯಲ್ಲಿ ಕವಲುಗಳು ಗಿಡ್ಡ. ಇಡೀ ಗುರಾಣಿ ಒಂದೇ ಹಗುರ ಮರದ ತುಂಡು, ಹಿಂದಿನ ಹಿಡಿಕೆಯೂ ಅದೇ ಮರದಲ್ಲಿ ಕೆತ್ತಿದ್ದು. ಮೇಲೆ ಕೆಳಗೆ ಅಡ್ಡಲಾಗಿ ಹೊಲಿದ ಬೆತ್ತ ಅಲಂಕಾರಕ್ಕಲ್ಲ, ಏಟು ಬಿದ್ದಾಗ ಮರ ಸೀಳದಿರಲಿ ಎಂದು. ನಾನು ಮೊದಲು ಹಿಡಿಕೆಗೆ ಕೈ ಹಾಕಿ ನೋಡುತ್ತೇನೆ. ಬಳಸಲೆಂದು ಮಾಡಿದ್ದರಲ್ಲಿ ಮೂರು ಬೆರಳಿಗಷ್ಟೇ ಜಾಗ. ಹೆಬ್ಬೆರಳು, ಕಿರುಬೆರಳು ಹೊರಗೇ ಉಳಿದು ಗುರಾಣಿಯನ್ನು ಓರೆ ಮಾಡಲು ನೆರವಾಗುತ್ತವೆ. ಇಡೀ ಮುಷ್ಟಿ ಆರಾಮಾಗಿ ಹೊಕ್ಕರೆ, ಅಥವಾ ಹಿಡಿಕೆಯನ್ನು ಮೊಳೆ ಹೊಡೆದು ಕೂರಿಸಿದ್ದರೆ, ಅದು ಗೋಡೆಗೆಂದು ಮಾಡಿದ್ದು.

ಕೊಡಲಿಗಳಲ್ಲಿ ಕಾಲಿಂಗ ಮಾದರಿಗೆ ಬಾಗಿದ ಬಾಯಿ, ಹಿಂದೆ ಉದ್ದನೆಯ ಮುಳ್ಳು. ಬೊಂಟೊಕ್‌ನದಕ್ಕೆ ಬಾಯಿ ನೇರ, ಮುಳ್ಳು ಗಿಡ್ಡ. ತಿಂಗ್ಗಿಯಾನ್ ಜನ ಇದನ್ನು ಅಲಿವಾ ಎನ್ನುತ್ತಾರೆ. ಮನೆಯ ದಿನನಿತ್ಯದ ಕಡಿಯುವ ಕೆಲಸಕ್ಕೂ ಇದೇ ಕೊಡಲಿ ಬಳಕೆಯಾಗುತ್ತಿತ್ತು. ಹಾಗಾಗಿ ಬಾಯಿ ಮಸೆದು ಮಸೆದು ಸವೆದಿರುವುದು ಒಳ್ಳೆಯ ಲಕ್ಷಣ. ಹಳೆಯ ಹಿಡಿಯ ಬಣ್ಣ ಕೈ ತಾಗುವ ಕಡೆ ಗಾಢ, ತಾಗದ ಕಡೆ ತಿಳಿ. ಎಲ್ಲ ಕಡೆ ಒಂದೇ ಕಪ್ಪಾಗಿದ್ದರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಕಾಣದ ಮೂಲೆಯಲ್ಲಿ ಒತ್ತಿ ನೋಡಿ. ಬೂಟ್ ಪಾಲಿಶ್ ಹತ್ತಿಗೆ ಬರುತ್ತದೆ. ತುಕ್ಕೂ ಹಾಗೆಯೇ. ಕಾಲ ತಂದ ತುಕ್ಕು ಗಾಢ ಕಂದು, ಗುಳಿಗಳು ಏರುಪೇರು; ಆಮ್ಲ ತಂದದ್ದು ಕಿತ್ತಳೆ, ಎಲ್ಲೆಡೆ ಸಮ.

ಟಿಬೊಲಿ ಜನರ ಹಿತ್ತಾಳೆ ಹಿಡಿಗಳು ಮೇಣದ ಎರಕದವು, ಅಂದರೆ ಮೇಣದ ಮಾದರಿ ಕರಗಿಸಿ ಆ ಜಾಗಕ್ಕೆ ಲೋಹ ಹೊಯ್ದು ಮಾಡಿದವು. ದಕ್ಷಿಣ ಕೊಟಾಬಾಟೊದ ಸೆಬು ಸರೋವರದ ಸುತ್ತ ಈ ಕಸುಬು ಇಂದಿಗೂ ಇದೆ. ಅಲ್ಲಿ ಮಾಡಿದವರ ಕೈಯಿಂದಲೇ ಹೊಸದನ್ನು ಕೊಳ್ಳುವುದು, ಮನೆತನದ ಹಳೆಯದನ್ನು ಕಡಿಮೆ ಬೆಲೆಗೆ ಬಿಡಿಸಿಕೊಳ್ಳುವುದಕ್ಕಿಂತ ನೂರು ಪಾಲು ಮೇಲು. ಹಳೆಯದು ಬೇಕೆಂದರೆ ಫಿಲಿಪೈನ್ಸ್‌ನ ಹೊರಗೆ ಹುಡುಕಿ. 1899ರಿಂದ 1913ರವರೆಗಿನ ಯುದ್ಧಗಳಲ್ಲಿ ಅಮೆರಿಕದ ಸೈನಿಕರು ಹೊತ್ತೊಯ್ದದ್ದು, 1911ರಲ್ಲಿ ಅಮೆರಿಕದ ಸೇನಾಧಿಕಾರಿ ಪರ್ಶಿಂಗ್ ಹೊರಡಿಸಿದ ಮೊರೊ ನಿಶ್ಶಸ್ತ್ರೀಕರಣದ ಆಜ್ಞೆಯಿಂದ ಕೈಬಿಟ್ಟು ಹೋದದ್ದು, ಇವೇ ಈಗ ಹರಾಜಿಗೆ ಬರುವುದು. ಹಳೆಯ ಚೀಟಿ, ಶಾಯಿಯಲ್ಲಿ ಬರೆದ ಸಂಖ್ಯೆ ಇದ್ದರೆ ಒರೆಸಬೇಡಿ. ಕೊರೆದ ಒರೆಗಿಂತ ಅದಕ್ಕೆ ಬೆಲೆ ಹೆಚ್ಚು. ಹೋಲಿಸಿ ನೋಡಲು ಶಿಕಾಗೊದ ಫೀಲ್ಡ್ ಮ್ಯೂಸಿಯಂನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಫಿಲಿಪೈನ್ಸ್ ವಸ್ತುಗಳ ಸಂಗ್ರಹವಿದೆ. ಮ್ಯೂಸಿಯಂಗಳಿಂದ ಹೊರಬಂದ ವಸ್ತುವನ್ನು ಕೈಗವಸಿಲ್ಲದೆ ಮುಟ್ಟಬಾರದು. ಹುಳ ಹಿಡಿಯದಿರಲೆಂದು ಹಿಂದೆ ಆರ್ಸೆನಿಕ್ ಹಚ್ಚುತ್ತಿದ್ದರು.

ಇಡುವಾಗ ತೇವಾಂಶ ಶೇ 45ರಿಂದ 50ರ ಒಳಗಿರಲಿ: ಹೆಚ್ಚಾದರೆ ಕಬ್ಬಿಣ ಕೆಡುತ್ತದೆ, ತೀರ ಕಡಿಮೆಯಾದರೆ ಕೊಂಬು, ಬೆತ್ತ ಬಿರಿಯುತ್ತವೆ. ಮಂಗಳೂರಿನ ಮಳೆಗಾಲದಲ್ಲಿ ಮುಚ್ಚಿದ ಪೆಟ್ಟಿಗೆ, ಸಿಲಿಕಾ ಜೆಲ್ ಇಲ್ಲದೆ ಇದು ಆಗದ ಮಾತು. ಅಲಗನ್ನು ಒರೆಯೊಳಗೆ ಇಡಬೇಡಿ, ಪಕ್ಕದಲ್ಲಿ ಇಡಿ. ಮರದಿಂದ ಹೊಸ ಪುಡಿ ಉದುರುತ್ತಿದ್ದರೆ ಗಾಳಿಯಾಡದ ಪಾಲಿಥಿನ್ ಚೀಲದಲ್ಲಿ ಮುಚ್ಚಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಟ್ಟು, ಹೊರತೆಗೆದ ಮೇಲೂ ಒಂದು ದಿನ ಚೀಲ ಬಿಚ್ಚದೆ ಬಿಡಬೇಕು.

ದಾವಾವ್‌ನಲ್ಲಿ ವೈದ್ಯಕೀಯ ಓದುವ ನಮ್ಮ ಕಡೆಯ ಮಕ್ಕಳು ಊರಿಗೆ ಬರುವಾಗ ಒಂದು ಕತ್ತಿ ತರುವ ಯೋಚನೆ ಮಾಡುವುದುಂಟು. ಫಿಲಿಪೈನ್ಸ್‌ನ ಸಾಂಸ್ಕೃತಿಕ ಪರಂಪರೆ ಕಾಯ್ದೆ, ಅಂದರೆ ಗಣರಾಜ್ಯ ಕಾಯ್ದೆ 10066, ಹಳೆಯ ವಸ್ತುವನ್ನು ಹೊರಗೊಯ್ಯಲು ಅನುಮತಿ ಬೇಕೆನ್ನುತ್ತದೆ; ಹೊಸದಕ್ಕೂ ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂನಿಂದ ಅದು ಪುರಾತನವಲ್ಲ ಎಂಬ ಪತ್ರ ಪಡೆದಿರುವುದು ಕ್ಷೇಮ. ಭಾರತದಲ್ಲಿ 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳಿವೆ, ಆಮದಿಗೆ ಪರವಾನಗಿ ಬೇಕು. ಕ್ರಿಸ್, ಬರೊಂಗ್, ಕಂಪಿಲಾನ್, ಬೆಟ್ಟದ ಕೊಡಲಿ ಎಲ್ಲವೂ ಈ ಅಳತೆ ಮೀರುತ್ತವೆ. ದಂತದ ಹಿಡಿಯದ್ದನ್ನಂತೂ ಎಷ್ಟೇ ಹಳೆಯದಾದರೂ ಭಾರತಕ್ಕೆ ತರಬೇಡಿ.