ನೀರಿನ ಬಿಲ್ ಜಾಸ್ತಿ ಬಂತಾ? ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

ಮೊದಲು ಮೀಟರ್ ನೋಡಿ, ಜಗಳ ಆಮೇಲೆ. ಮನೆಯ ನಲ್ಲಿಗಳನ್ನೆಲ್ಲ ಬಿಗಿಯಾಗಿ ನಿಲ್ಲಿಸಿ. ಮೀಟರ್ ಮುಖದಲ್ಲಿ ನಕ್ಷತ್ರದಂಥದ್ದೋ ತ್ರಿಕೋನದಂಥದ್ದೋ ಒಂದು ಪುಟ್ಟ ಚಕ್ರ ಇರುತ್ತದೆ. ಆಗಲೂ ಅದು ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಒಮ್ಮೆ ನನ್ನ ಬಿಲ್ ದುಪ್ಪಟ್ಟಾದಾಗ ಊರೆಲ್ಲ ಬೈದಿದ್ದೆ. ಕಳ್ಳ ಸಿಕ್ಕಿದ್ದು ನಮ್ಮದೇ ಫ್ಲಶ್ ಟ್ಯಾಂಕಿನಲ್ಲಿ!

ಸೋರಿಕೆ ಇಲ್ಲವೇ? ಹಾಗಾದರೆ ಬಿಲ್ ಓದಿ. ಒಂದು ಕ್ಯೂಬಿಕ್ ಮೀಟರ್ ಅಂದರೆ 1000 ಲೀಟರ್. ಬಳಕೆಯ ಲೆಕ್ಕ ಒಂದು ಕಡೆ, ಬಳಸದಿದ್ದರೂ ಕಟ್ಟಬೇಕಾದ ನಿಗದಿತ ಶುಲ್ಕ ಇನ್ನೊಂದು ಕಡೆ. ಒಳಚರಂಡಿ ಶುಲ್ಕವೂ ಇದರಲ್ಲೇ ಸೇರಿರಬಹುದು.

ಈಗ ಮೂರು ಪ್ರಶ್ನೆ ಕೇಳಿ. ಪೈಪು ಯಾರದು? ಪಂಪು ನಡೆಸುವವರು ಯಾರು? ದರ ಗೊತ್ತು ಮಾಡುವವರು ಯಾರು? ಬಿಲ್ ಮೇಲಿನ ಹೆಸರು ನೋಡಿದರೆ ಇದು ತಿಳಿಯುವುದಿಲ್ಲ. ಫ್ರಾನ್ಸ್‌ನ ಎಷ್ಟೋ ಊರುಗಳಲ್ಲಿ ಪೈಪು ಊರಿನದು, ನಡೆಸುವುದು ಕಂಪನಿ. ಇಂಗ್ಲೆಂಡ್ ಮತ್ತು ವೇಲ್ಸ್ 1989ರಲ್ಲಿ ಪೈಪನ್ನೂ ಸೇರಿಸಿ ಮಾರಿಬಿಟ್ಟವು. ಪ್ಯಾರಿಸ್ ಉಲ್ಟಾ ಹೊಡೆಯಿತು, 2010ರಲ್ಲಿ ನೀರು ಸರಬರಾಜನ್ನು ಕಂಪನಿಗಳಿಂದ ವಾಪಸ್ ತೆಗೆದುಕೊಂಡಿತು.

ಸರ್ಕಾರಿ ಸಂಸ್ಥೆಯಾದರೆ ದರ ಏರಿಸುವುದು ಹೆಚ್ಚಾಗಿ ಚುನಾಯಿತ ಸಭೆ. ಚುನಾವಣೆ ಹತ್ತಿರ ಬಂದಾಗ ಆ ಮಾತೆತ್ತಲು ಯಾರಿಗೂ ಧೈರ್ಯ ಸಾಲದು. ದುಡ್ಡಿಲ್ಲದೆ ಹಳೇ ಪೈಪು ಹಾಗೇ ಉಳಿಯುತ್ತದೆ. ಕಂಪನಿಯದು ಬೇರೆ ಕಥೆ. ಒಂದೇ ಬೀದಿಗೆ ಎರಡು ಕಂಪನಿಗಳು ಪೈಪು ಎಳೆಯುವುದು ಆಗದ ಮಾತು ಅಲ್ವಾ? ಪೈಪೋಟಿಯೇ ಇಲ್ಲದ ಮೇಲೆ ಹೇಳಿದ್ದೇ ದರ. ಅದಕ್ಕೇ ನಿಯಂತ್ರಕರು ಬೇಕು. ಇಂಗ್ಲೆಂಡಿನಲ್ಲಿ ಆಫ್‌ವಾಟ್ ಎಂಬ ಸಂಸ್ಥೆ 5 ವರ್ಷಕ್ಕೊಮ್ಮೆ ಕಂಪನಿಗಳ ಲೆಕ್ಕ ಕೆದಕಿ, ಎಷ್ಟು ವಸೂಲಿ ಮಾಡಬಹುದು ಎಂದು ಕಟ್ಟು ಹಾಕುತ್ತದೆ. ಅಮೆರಿಕದಲ್ಲಿ ಖಾಸಗಿ ಕಂಪನಿಗಳು ಸಾಮಾನ್ಯವಾಗಿ ಆಯಾ ರಾಜ್ಯದ ಆಯೋಗದ ಮುಂದೆ ಅರ್ಜಿ ಹಾಕಬೇಕು. ಸಾರ್ವಜನಿಕ ವಿಚಾರಣೆ ಕರೆದರೆ ತಪ್ಪಿಸಿಕೊಳ್ಳಬೇಡಿ. ದರ ಗಟ್ಟಿಯಾದ ಮೇಲೆ ಕೂಗಾಡುವುದಕ್ಕಿಂತ ಮೊದಲೇ ಆಡಿದ ಎರಡು ಮಾತಿಗೆ ತೂಕ ಜಾಸ್ತಿ.

ನೀರು ಕೆಂಪಗಿದೆ, ವಾಸನೆ ಬರುತ್ತಿದೆ ಅನ್ನುವ ದೂರನ್ನು ಮಾತ್ರ ದರದವರ ಹತ್ತಿರ ಒಯ್ಯಬೇಡಿ. ಗುಣಮಟ್ಟ ನೋಡುವವರು ಅನೇಕ ದೇಶಗಳಲ್ಲಿ ಬೇರೆಯೇ ಇರುತ್ತಾರೆ. ಅಮೆರಿಕದ 1974ರ ಕುಡಿಯುವ ನೀರಿನ ಕಾಯಿದೆ ಸರ್ಕಾರಿ, ಖಾಸಗಿ ಎಂದು ಭೇದ ಮಾಡುವುದಿಲ್ಲ.

ದೂರು ಮೊದಲು ನೀರು ಕೊಡುವವರಿಗೇ ಹೋಗಲಿ, ಅದೂ ಬರಹದಲ್ಲಿ. ಮೀಟರ್ ಸಂಖ್ಯೆ, ದಿನಾಂಕ, ಅಂಕಿ ಕಾಣುವ ಫೋಟೋ ಸೇರಿಸಿ. ದೂರಿನ ಸಂಖ್ಯೆ ಕೇಳಿ ಪಡೆಯಿರಿ. ನಿಯಂತ್ರಕರ ಬಾಗಿಲು ತಟ್ಟಿದಾಗ ಅವರು ಮೊದಲು ಕೇಳುವುದು ಅದನ್ನೇ.